ನೋಡೂಣು ಅಂದಿದ್ದೆ

ಕಾಕಾನ ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳು ಉಳಿದ ಎಂಟರ ಬಳಗಕ್ಕೆ ಸೇರಿದವಲ್ಲ ಅನ್ನಿಸುತ್ತಿತ್ತು. ಉಳಿದವು ಕಪ್ಪಗೆ, ಒರಟಾಗಿ, ಗಂಟು ಗಂಟಾಗಿದ್ದರೆ ಇವೆರಡು ಬೂದಿಯ ಬಣ್ಣಕ್ಕೆ ತಿರುಗಿ, ಹೊಳೆದಂಡೆಯ ಕಲ್ಲಿನಂತೆ ನುಣುಪಾಗಿದ್ದವು. ಗೆರೆ ಎಂಬುದು ಒಂದೂ ಉಳಿದಿರಲಿಲ್ಲ. ರೇಷನ್ ಅಂಗಡಿಯ ಹೆಬ್ಬೆಟ್ಟಿನ ಮಷೀನು ಅದನ್ನು ಮನುಷ್ಯನ ಬೆರಳೆಂದು ಒಪ್ಪುತ್ತಲೇ ಇರಲಿಲ್ಲ. “ನೋಡ್ರಿ, ನಾ ಇಲ್ಲೇ ಇಲ್ಲಂತ!” ಎಂದು ಸಾಲಿನಲ್ಲಿ ನಿಂತವರಿಗೆಲ್ಲ ಸಾರಿ ಹೇಳಿ, ನಕ್ಕು, ಎಡಗೈ ಮುಂದೆ ಮಾಡುತ್ತಿದ್ದ. ಸುಮ್ಮನೆ ಕೂತಾಗಲೂ ಆ ಎರಡು ಬೆರಳು ಒಂದನ್ನೊಂದು ಸವರಿಕೊಳ್ಳುತ್ತಲೇ ಇರುತ್ತಿದ್ದವು, ನಡುವೆ ಯಾರಿಗೂ ಕಾಣದ ನೂಲೊಂದು ಇದೆಯೇನೋ ಎಂಬಂತೆ.

ಅವನು ನನ್ನ ಸ್ವಂತ ಕಾಕಾ ಅಲ್ಲ. ಬನಹಟ್ಟಿಯ ನಮ್ಮ ಓಣಿಯಲ್ಲಿ ನಮ್ಮಿಂದ ಮೂರನೆಯ ಮನೆಯವನು. ಅವನ ಕೆಲಸ ಬೀಮು ಕೆಚ್ಚುವುದು. ಮಗ್ಗದ ಮೇಲಿನ ನೂಲು ಮುಗಿಯಲಿಕ್ಕೆ ಬಂದಾಗ ಅದರ ತುದಿಗಳನ್ನು ಹೊಸ ಬೀಮಿನ, ಅಂದರೆ ನೂಲು ಸುತ್ತಿದ ಉರುಳೆಯ, ತುದಿಗಳಿಗೆ ಕೂಡಿಸಬೇಕು. ಒಂದೊಂದೇ ಎಳೆ, ಸಾವಿರಾರು ಎಳೆ. ಗಂಟು ಹಾಕಿದರೆ ದಪ್ಪವಾಗಿ ಮುಂದೆಲ್ಲೋ ಸಿಕ್ಕಿಕೊಳ್ಳುತ್ತದೆ. ಅದಕ್ಕೇ ಬೆರಳಿಗೆ ಸಗಣಿ ಕುಳ್ಳಿನ ಬೂದಿ ಹಚ್ಚಿಕೊಂಡು ಎರಡು ತುದಿಗಳನ್ನು ಹೊಸೆಯುತ್ತಾರೆ. ಎದುರಿಗೆ ಕೂತವರು ಎಳೆ ಆರಿಸಿ ಕೊಡಬೇಕು, ಇವನು ಹೊಸೆಯಬೇಕು. ಕಾಕಾನ ಹಣೆಯ ಮೇಲೆ ವಿಭೂತಿ ಇಲ್ಲದ ದಿನ ಇರಬಹುದು, ಬೆರಳ ಮೇಲೆ ಬೂದಿ ಇಲ್ಲದ ದಿನ ನಾನು ಕಂಡಿಲ್ಲ.

ಜಮಖಂಡಿಯಲ್ಲಿ ಪ್ರಾಣಿಶಾಸ್ತ್ರ ಓದಿ ಬಿ.ಎಸ್ಸಿ. ಮುಗಿಸಿದ ಮೇಲೆ ಯಾರೂ ನೌಕರಿಗೆ ಕರೆಯದೆ, ನಾನು ಮನೆಯಲ್ಲಿ ಕೂತು ನನ್ನ ನಿಜವಾದ ವಿದ್ಯೆಯಾದ ಚಿಂತೆಯಲ್ಲಿ ಪ್ರಾವೀಣ್ಯ ಪಡೆಯುತ್ತಿದ್ದೆ. ಒಂದು ದಿನ ಕಾಕಾ ಬಾಗಿಲಲ್ಲಿ ನಿಂತು, “ಹೆಂಗಿದ್ರೂ ಕುಂತ ಚಿಂತಿ ಮಾಡ್ತಿ. ನನ್ನ ಎದುರಿಗಿ ಬಂದ ಕುಂತ ಮಾಡು, ಕೈಯಾರ ಖಾಲಿ ಇರೂದಿಲ್ಲ” ಎಂದ. ಎರಡು ವರ್ಷ ಅವನಿಗೆ ಎಳೆ ಕೊಟ್ಟೆ. ಅವನು ದಣಿದಾಗ ನಾನೂ ಹೊಸೆದೆ. ನನಗೋ ಪ್ರತಿ ಎಳೆಯ ಮೇಲೂ ಅನುಮಾನ. ಹೊಸೆದದ್ದನ್ನು ಒಮ್ಮೆ ಜಗ್ಗಿ ನೋಡಿದ ಹೊರತು ಸಮಾಧಾನವಿಲ್ಲ. ಜಗ್ಗಿದರೆ ಹರಿಯುತ್ತಿತ್ತು. ಹರಿದ ಮೇಲೆ, ‘ನನಗೆ ಮೊದಲೇ ಗೊತ್ತಿತ್ತು’ ಎಂಬ ಮುಖ ಮಾಡುತ್ತಿದ್ದೆ.

“ಎಳದ ನೋಡಬ್ಯಾಡ ಯವ್ವಾ, ಸವರಿ ನೋಡು,” ಅನ್ನುತ್ತಿದ್ದ ಕಾಕಾ. “ಎಳದ್ರ ಯಾವದೂ ತಾಳೂದಿಲ್ಲ. ನಿನ್ನ ಗಂಡನ್ನೂ ಹಿಂಗ ಎಳದ ನೋಡಬ್ಯಾಡ ಮತ್ತ.”

ಗಂಡ ಪುಣೆಯ ಕಡೆಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದವನು ಸಿಕ್ಕ. ಅಲ್ಲಿಯೇ ಒಂದು ಪ್ರಯೋಗಶಾಲೆಯಲ್ಲಿ ಸಹಾಯಕಿ ಬೇಕೆಂದು ತಿಳಿದು ಹೋದೆ. ಸೂಕ್ಷ್ಮದರ್ಶಕದ ಕೆಳಗೆ ಒಂದು ಕೂದಲನ್ನಿಟ್ಟು, ಅದನ್ನು ಗಾಜಿನ ಕೊಳವೆಯೊಳಗೆ ತೂರಿಸಲು ಹೇಳಿದರು. ನನ್ನ ಎರಡು ಬೆರಳು ತಾವೇ ಒಮ್ಮೆ ಸವರಿಕೊಂಡವು. ತೂರಿಸಿದೆ. “ಎಲ್ಲಿ ತರಬೇತಿ?” ಎಂದು ಮೇಡಂ ಕೇಳಿದರು. “ಬನಹಟ್ಟಿ” ಎಂದೆ. ಅದೊಂದು ದೊಡ್ಡ ಸಂಸ್ಥೆ ಇರಬೇಕೆಂದು ಅವರು ಬರೆದುಕೊಂಡರು. ನಾನೂ ತಿದ್ದಲಿಲ್ಲ.

ಅಲ್ಲಿ ನಾನು ಮಾಡುವುದನ್ನು ಸರಳವಾಗಿ ಹೇಳುತ್ತೇನೆ. ಹೆಬ್ಬೆರಳಿನಷ್ಟು ಉದ್ದದ ಕರಿ ಇಲಿಗೆ ಅರಿವಳಿಕೆ ಕೊಟ್ಟು, ತಲೆ ಬೋಳಿಸಿ, ಬುರುಡೆಯಲ್ಲಿ ಸಾಸಿವೆಕಾಳಿನಷ್ಟು ಕಿಂಡಿ ಕೊರೆದು, ಮಿದುಳಿನೊಳಕ್ಕೆ ಗಾಜಿನ ಸಣ್ಣ ಕಡ್ಡಿಯೊಂದನ್ನು ಇಳಿಸುತ್ತೇನೆ. ಅದೊಂದು ಮಸೂರ. ಹಲ್ಲು ತುಂಬುವ ಸಿಮೆಂಟಿನಿಂದ ಅದನ್ನು ಭದ್ರ ಮಾಡಿ, ಗಾಯ ಮಾಯ್ದ ಮೇಲೆ, ಎರಡು ಗ್ರಾಂ ತೂಗುವ ಕ್ಯಾಮೆರಾ ಒಂದನ್ನು ತಲೆಯ ಮೇಲೆ ಕೂರಿಸುತ್ತೇವೆ. ಇಲಿ ಆ ಟೊಪ್ಪಿಗೆ ಹೊತ್ತುಕೊಂಡೇ ತಿನ್ನುತ್ತದೆ, ಓಡಾಡುತ್ತದೆ, ಮೀಸೆ ತೀಡುತ್ತದೆ. ಮಿದುಳಿನ ಕೋಶಗಳು ಕೆಲಸ ಮಾಡಿದಾಗಲೆಲ್ಲ ಹಸಿರಾಗಿ ಮಿನುಗುವಂತೆ ಮೊದಲೇ ಔಷಧ ಹಾಕಿರುತ್ತೇವೆ. ಆ ಮಿನುಗು ಕಂಪ್ಯೂಟರಿನ ಪರದೆಯ ಮೇಲೆ ಕಾಣುತ್ತದೆ. ನಮ್ಮಲ್ಲಿ ನೋಡುವುದು ಫಿಟ್ಸ್ ಬರುವ ಇಲಿಗಳನ್ನು: ಮೂರ್ಛೆ ಎಲ್ಲಿಂದ ಹೊರಡುತ್ತದೆ, ಯಾವ ದಾರಿ ಹಿಡಿಯುತ್ತದೆ ಎಂದು. ಇದನ್ನು ನಾನು ಆರಿಸಿಕೊಂಡದ್ದಲ್ಲ, ಸಿಕ್ಕದ್ದು. ಆದರೆ ಮೊದಲ ದಿನ ಅದನ್ನು ಕೇಳಿದಾಗ ನನಗೆ ನೆನಪಾದದ್ದು ಕಾಕಾನ ಮಗಳು.

ತಾಯಿ ಇಲ್ಲದ ಹುಡುಗಿ. ನನಗಿಂತ ಹತ್ತು ವರ್ಷಕ್ಕೆ ಚಿಕ್ಕವಳು. ಮೊದಲು ಕಾಕಾನ ಮನೆಯಲ್ಲೇ ಎರಡು ಪಾವರ್‌ಲೂಮ್ ಓಡುತ್ತಿದ್ದವು. ಅವಳಿಗೆ ಹನ್ನೊಂದು ವರ್ಷವಿದ್ದಾಗ, ಅಪ್ಪನಿಗೆ ಚಹಾ ತಂದವಳು, ಫಿಟ್ಸ್ ಬಂದು, ಲೋಟ ಹಿಡಿದುಕೊಂಡೇ ಓಡುವ ಮಗ್ಗದ ಮೇಲೆ ಬಿದ್ದಳು. ಎಡಗೈ ಸಿಕ್ಕಿತು. ಕೈ ಉಳಿಯಿತು, ಬೆರಳುಗಳು ಸರಿಯಾಗಿ ಮಡಚಲಿಲ್ಲ. ಮುಂದಿನ ವಾರವೇ ಕಾಕಾ ಎರಡೂ ಮಗ್ಗ ಕಿತ್ತು ಕಳಿಸಿ, ಊರ ಮಗ್ಗಗಳಿಗೆ ಬೀಮು ಕೆಚ್ಚುವವನಾದ. ಆಮೇಲೆ ಆ ಮನೆಯಲ್ಲಿ ತಿರುಗುವ ವಸ್ತು ಅಂದರೆ ಫ್ಯಾನು ಒಂದೇ. ಅದನ್ನೂ ಆತ ಆಗಾಗ ಅನುಮಾನದಿಂದ ನೋಡುತ್ತಿದ್ದ. ಚಟ್ನಿ ಒರಳಿನಲ್ಲೇ ಆಗಬೇಕು. ಬಚ್ಚಲಿಗೆ ಬಾಗಿಲಿಲ್ಲ, ಪರದೆ. ಅವಳು ಒಳಗೆ ಹೋದಾಗ ಹೊರಗೆ ಕೂತು, “ಅದೀಯೇನು?” ಎಂದು ಕೂಗುತ್ತಿದ್ದ. ಒಳಗಿನಿಂದ ಅವಳು, “ಅದೇನಿ! ನೀನೂ ಅಲ್ಲೇ ಅದೀಯೋ ಇಲ್ಲೋ?” ಎಂದು ತಿರುಗಿ ಕೂಗುತ್ತಿದ್ದಳು.

ಗುಳಿಗೆಗಳು ಬದಲಾದವು, ಮಿರಜಿನ ಡಾಕ್ಟರರು ಬದಲಾದರು, ಫಿಟ್ಸ್ ನಿಲ್ಲಲಿಲ್ಲ. ಕನ್ಯಾ ನೋಡಲಿಕ್ಕೆ ಬಂದವರಿಗೆ ಕಾಕಾ ಎಲ್ಲವನ್ನೂ ಮೊದಲೇ ಹೇಳಿಬಿಡುತ್ತಿದ್ದ. “ಅವಲಕ್ಕಿ ತಿಂದ ಮ್ಯಾಲ ಹೇಳಿದ್ರ ಗಂಟಲಾಗ ಸಿಗತಾವ” ಎಂಬುದು ಅವನ ಲೆಕ್ಕ. ಬಂದವರು ತಲೆ ಆಡಿಸಿ, ಅವಲಕ್ಕಿ ತಿಂದು, ಚಪ್ಪಲಿ ಮೆಟ್ಟುತ್ತ, “ನೋಡೂಣ್ರಿ, ತಿಳಸ್ತೀವಿ” ಅನ್ನುತ್ತಿದ್ದರು. ನಮ್ಮ ಕಡೆ ‘ನೋಡೂಣು’ ಅಂದರೆ ಇಲ್ಲ ಅಂತ ಅರ್ಥ. ಎದುರಿಗಿದ್ದವರ ಮುಖ ನೋಡುತ್ತ ಇಲ್ಲ ಅನ್ನುವ ಧೈರ್ಯ ಸಾಲದವರು ಅದನ್ನು ಬಳಸುತ್ತಾರೆ. ಅಂದರೆ ಎಲ್ಲರೂ. ಬಂದವರ ಗಾಡಿ ಓಣಿ ದಾಟಿದ ಮೇಲೆ ಕಾಕಾ ನಮ್ಮ ಕಟ್ಟೆಗೆ ಬಂದು, “ಛಲೋ ಮಂದಿ. ಬರೂದಿಲ್ಲ” ಎಂದು ವರದಿ ಒಪ್ಪಿಸುತ್ತಿದ್ದ. ಆ ಮಾತಿನ ಅರ್ಥ ಅವನಷ್ಟು ಚೆನ್ನಾಗಿ ತಿಳಿದವರು ಊರಲ್ಲಿ ಇರಲಿಲ್ಲ.

ಒಂದು ಪಂಚಮಿಗೆ ತವರಿಗೆ ಹೋಗಿದ್ದೆ. ಕಾಕಾ ಮತ್ತು ಮಗಳು ಶೇಂಗಾದ ಉಂಡಿ ತಗೊಂಡು ಬಂದರು.

“ಖರೆ ಹೇಳು, ಅಲ್ಲಿ ಏನ ಮಾಡ್ತೀ? ನಿಮ್ಮವ್ವ ನೋಡಿದ್ರ ‘ಇಲಿ ಕಾಯ್ತಾಳ’ ಅಂತಾಳ,” ಎಂದ ಕಾಕಾ.

ಫೋನಿನಲ್ಲಿ ಒಂದು ವಿಡಿಯೋ ತೋರಿಸಿದೆ. ಮೊದಲು ತಲೆ ಬೋಳಿಸಿದ, ಟೊಪ್ಪಿಗೆ ಹೊತ್ತ ಇಲಿ. ಆಮೇಲೆ ಕಪ್ಪು ಪರದೆ, ಅಲ್ಲೊಂದು ಇಲ್ಲೊಂದು ಮಿನುಗುವ ಹಸಿರು ಚುಕ್ಕಿ. ಹತ್ತು ಸೆಕೆಂಡಾದ ಮೇಲೆ ಎಡಮೂಲೆಯಿಂದ ಒಂದು ಅಲೆ ಎದ್ದು, ನೋಡನೋಡುತ್ತ ಪರದೆ ತುಂಬ ಬೆಳಕು. ಆಮೇಲೆ ಕತ್ತಲೆ.

“ತಡಿ, ತಡಿ. ಹಿಂದ ತಗೋ.” ಏಳು ಸಲ ನೋಡಿದ. ಕೊನೆಗೆ ಆ ಬೂದು ಬೆರಳನ್ನು ಎಡಮೂಲೆಯ ಮೇಲಿಟ್ಟ. “ಇಲ್ಲಿಂದ ಹೊಂಟೈತಿ.” ನಮ್ಮ ಮೇಡಂ ಅಷ್ಟೇ ಮಾತು ಹೇಳಲು ಎರಡು ತಿಂಗಳು ತಗೊಂಡಿದ್ದರು.

“ನನ್ನ ತಲ್ಯಾಗೂ ಹಿಂಗ ದೀಪಾವಳಿ ನಡದಿರತೈತೇನಕ್ಕಾ?” ಎಂದಳು ಮಗಳು. “ನನಗ ಒಮ್ಮೆನೂ ಕಾಣಲಿಲ್ಲ ನೋಡು. ನೋಡಿದವರೆಲ್ಲ ನೀವ.”

ಕಾಕಾ ನಗಲಿಲ್ಲ. “ಗಾಜ ಹಾಕಿದ ಮ್ಯಾಲ ಇಲಿ ಆರಾಮ ಇರ್ತಾವೇನು?”

“ಆರಾಮ ಇರ್ತಾವ ಕಾಕಾ. ತಿಂತಾವ, ಓಡ್ಯಾಡ್ತಾವ.”

ಅಷ್ಟು ನಿಜ. ಕೆಲಸ ಮುಗಿದ ಮೇಲೆ ಅವನ್ನು ಕೊಂದು, ಮಿದುಳು ತೆಗೆದು, ತೆಳ್ಳಗೆ ಹೋಳು ಮಾಡಿ, ಗಾಜು ಸರಿಯಾದ ಜಾಗದಲ್ಲಿತ್ತೋ ಇಲ್ಲವೋ ನೋಡುತ್ತೇವೆ. ಹಬ್ಬದ ದಿನ, ಬಾಯಲ್ಲಿ ಉಂಡಿ. ಅದನ್ನು ಹೇಳಲಿಲ್ಲ.

“ಹಂಗಾರ ಇಕಿದೂ ಒಮ್ಮೆ ನೋಡಾಕ ಬರೂದಿಲ್ಲೇನು?”

ಇಲ್ಲ ಅನ್ನಬೇಕಿತ್ತು. ಇದು ಇಲಿಗಷ್ಟೇ. ಇದು ನೋಡುತ್ತದೆ, ವಾಸಿ ಮಾಡುವುದಿಲ್ಲ. ಮನುಷ್ಯರ ಮಾತು ನನ್ನ ಜೀವಮಾನದಲ್ಲಿ ಬರುವುದು ಅನುಮಾನ. ಇಷ್ಟು ಹೇಳಲು ಒಂದು ನಿಮಿಷ ಸಾಕಿತ್ತು. ಅವನ ಮುಖ ನೋಡಿದೆ.

“ನೋಡೂಣು ಕಾಕಾ,” ಅಂದೆ.

ಅದು ಇಲ್ಲ ಅಂತ ಅವನಿಗೆ ತಿಳಿಯುತ್ತದೆ ಎಂದು ನಾನು ಭಾವಿಸಿದ್ದೆ. ಈಗ ಹಾಗೆ ಹೇಳುವುದು ಸುಲಭ. ಬಸ್ಸಿನಲ್ಲಿ ಕೂತ ಮೇಲೆ ಮನೆಗೆ ಬೀಗ ಹಾಕಿದೆನೋ ಇಲ್ಲವೋ ಎಂದು ಚಿಂತಿಸಿ, ಅದಕ್ಕೆಂದೇ ಬೀಗದ ಫೋಟೋ ತೆಗೆದಿಟ್ಟುಕೊಳ್ಳುವ ಹೆಂಗಸು ನಾನು. ಆ ಮಾತಿನ ಬಗ್ಗೆ ಮಾತ್ರ ಒಂದು ಗಳಿಗೆಯೂ ಚಿಂತಿಸಲಿಲ್ಲ.

ಆಮೇಲೆ ಪ್ರತಿ ಸೋಮವಾರ ಅವನ ಫೋನು. “ಏನಾತು ಯವ್ವಾ?” “ಇನ್ನೂ ಇಲಿ ಮ್ಯಾಲ ನಡದೈತಿ ಕಾಕಾ.” “ಆಗ್ಲಿ, ಆಗ್ಲಿ. ಇಲಿ ಪಾಳಿ ಮುಗೀಲಿ.” ನಾನು ಇದನ್ನು ಅವನ ಹಾಸ್ಯವೆಂದು ತಿಳಿದು ನಗುತ್ತಿದ್ದೆ. ಅವನೂ ನಗುತ್ತಿದ್ದ. ಇಬ್ಬರೂ ಬೇರೆ ಬೇರೆ ಕಾರಣಕ್ಕೆ ನಗುತ್ತಿದ್ದೆವು. ಮಿರಜಿನ ಡಾಕ್ಟರರು ಆ ವೇಳೆಗಾಗಲೇ, ದೊಡ್ಡ ಆಸ್ಪತ್ರೆಯಲ್ಲಿ ವಾರಗಟ್ಟಲೆ ಇಟ್ಟು ಪರೀಕ್ಷೆ ಮಾಡಿಸಿರಿ, ಆಪರೇಷನ್ ಆಗುವಂಥದ್ದಿದ್ದರೆ ಆಗಬಹುದು ಎಂದು ಬರೆದುಕೊಟ್ಟಿದ್ದರಂತೆ. ಕಾಕಾ ಆ ಚೀಟಿಯನ್ನು ಮಡಚಿ ಇಟ್ಟಿದ್ದ. ಮೊದಲು ಪುಣೆಯ ನಮ್ಮಾಕಿ ನೋಡಲಿ, ಆಮೇಲೆ ಉಳಿದವರು ಅಂತ. ಹೀಗೆ ಎರಡು ಪಂಚಮಿ ಹೋದವು. ಆ ಎರಡೂ ಸಲ ನಾನು ತವರಿಗೆ ಹೋಗಲಿಲ್ಲ. ರಜೆ ಇರಲಿಲ್ಲ ಎಂದು ಹೇಳಿಕೊಳ್ಳುತ್ತೇನೆ.

ಒಂದು ಮುಂಜಾನೆ ಪ್ರಯೋಗಶಾಲೆಯ ಗೇಟಿನಿಂದ ಫೋನ್ ಬಂತು. ಊರಿನವರು ಬಂದಿದ್ದಾರೆ ಎಂದರು. ಹೋಗಿ ನೋಡಿದರೆ ಕಾಕಾ, ಪಕ್ಕದಲ್ಲಿ ತಲೆತುಂಬ ಸೆರಗು ಹೊದ್ದ ಮಗಳು, ಕೈಯಲ್ಲಿ ಚೀಟಿಗಳ ಅರಿವೆ ಚೀಲ.

“ನೀ ಕರೀತಿ ಕರೀತಿ ಅಂತ ಕಾದ್ವಿ. ನಿನಗೂ ತ್ರಾಸ ಇರ್ತಾವ. ಅದಕ್ಕ ನಾವ ಬಂದ್ವಿ,” ಎಂದ.

ಮಗಳು ಸೆರಗು ಸರಿಸಿದಳು. ತಲೆ ನುಣ್ಣಗೆ ಬೋಳಿಸಿತ್ತು. ಮೊಣಕಾಲಿಗೆ ಬರುವಷ್ಟು ಜಡೆ ಇದ್ದವಳು.

“ಇಲಿದು ಬೋಳಿಸಿದ್ರೆಲ್ಲ,” ಕಾಕಾ ಸಮಜಾಯಿಷಿ ಹೇಳಿದ. “ಇಲ್ಲಿ ಬಂದ ಮ್ಯಾಲ ನಿಮಗ ಹೊತ್ತ ಆಗಬಾರದಂತ ಊರಾಗ ಮಾಡಿಸಿಕೊಂಡ ಬಂದ್ವಿ.”

“ಓಣ್ಯಾನ ಮಂದಿ ಯಾವ ದೇವರಿಗಿ ಮುಡಿ ಕೊಟ್ಟಿ ಅಂತ ಕೇಳಿದ್ರಕ್ಕಾ,” ಎಂದಳು ಅವಳು. “ಇಲಿದೇವ್ರಿಗಿ ಅಂದೆ.”

ಗೇಟಿನ ಹೊರಗೆ ಚಹಾದಂಗಡಿಯ ಬೆಂಚಿನ ಮೇಲೆ ಅವರನ್ನು ಕೂರಿಸಿ, ಎರಡು ವರ್ಷದ ಹಿಂದೆ ಹೇಳಬೇಕಾದದ್ದನ್ನು ಹೇಳಿದೆ. ಕೊನೆಯಲ್ಲಿ ಇಲಿಗಳಿಗೆ ಏನಾಗುತ್ತದೆ ಎಂಬುದನ್ನೂ ಹೇಳಿದೆ. ಕಾಕಾ ಪೂರ್ತಿ ಕೇಳಿದ. ಮಗಳ ಸೆರಗನ್ನು ತಲೆಯ ಮೇಲೆ ಮತ್ತೆ ಎಳೆದ.

“ನೋಡೂಣು ಅಂದಿದ್ದೆಲ್ಲ ಯವ್ವಾ.”

“ಅಂದಿದ್ದೆ.”

“ಬೀಗರು ಅಂದಿದ್ರ ನನಗ ತಿಳೀತಿತ್ತು.” ಚೀಟಿಗಳ ಚೀಲದ ಬಾಯಿ ಕಟ್ಟಿದ. “ನಿನ್ನ ಕೆಲಸ ನೋಡೂದ. ನೀ ಅಂದ್ರ ನಾ ಹೆಂಗ ತಿಳ್ಕೋಬೇಕಿತ್ತು?”

ಬೈಗುಳವಲ್ಲ. ನಿಜವಾಗಿ ಕೇಳಿದ, ಉತ್ತರಕ್ಕಾಗಿ ಕಾದ ಕೂಡ. ಮಗಳು, “ಇಷ್ಟ ದೂರ ಬಂದೇವಿ, ಇಲಿನಾರ ತೋರಸಕ್ಕಾ” ಎಂದಳು. ಹೊರಗಿನವರನ್ನು ಒಳಗೆ ಬಿಡುವುದಿಲ್ಲ. ಅದಕ್ಕೂ ಇಲ್ಲ ಅಂದೆ. ಕಲಿತಿದ್ದೆ, ತಡವಾಗಿ. ಸಂಜೆಯವರೆಗೂ ಇರಲು ಒಪ್ಪದೆ ಮಧ್ಯಾಹ್ನದ ಬಸ್ಸಿಗೇ ಹೋದರು. ಕಿಟಕಿಯಿಂದ ಕಾಕಾ, “ಬಿಸಲಾಗ ನಿಂದರಬ್ಯಾಡ, ಹೋಗು” ಎಂದ.

ಮಡಚಿಟ್ಟ ಚೀಟಿ ಬಿಚ್ಚಿ ಅವರು ದೊಡ್ಡ ಆಸ್ಪತ್ರೆಗೆ ಹೋದರು. ಹತ್ತು ದಿನ ತಲೆತುಂಬ ವೈರು ಅಂಟಿಸಿಕೊಂಡು ಮಲಗಿದಳು. ಎರಡೂ ಕಡೆಯಿಂದ ಹೊರಡುತ್ತದೆ, ಕತ್ತರಿಸುವಂಥ ಜಾಗವಿಲ್ಲ ಎಂದರಂತೆ. ನಾನು ಫೋನಿನಲ್ಲಿ ಆ ಡಾಕ್ಟರರನ್ನು ಕಾಡಿ ಬೇಡಿ, ಎರಡು ವರ್ಷ ಮೊದಲೇ ಬಂದಿದ್ದರೆ ಒಂದೇ ಕಡೆ ಇರುತ್ತಿತ್ತೇ ಎಂದು ಕೇಳಿದೆ. ಇರಬಹುದು, ಇಲ್ಲದೆಯೂ ಇರಬಹುದು, ಈಗ ಹೇಳಲಾಗದು ಎಂದರು. ನನ್ನಂಥ ಚಿಂತೆಯವಳಿಗೆ ಇದಕ್ಕಿಂತ ಬಾಳಿಕೆ ಬರುವ ಉತ್ತರ ಬೇರೆ ಯಾವುದೂ ಸಿಗಲಾರದು. ದಿನಾ ಬೆಳಗ್ಗೆ ಅದು ನನಗಿಂತ ಮೊದಲು ಏಳುತ್ತದೆ.

ಕಾಕಾ ಸೋಮವಾರದ ಫೋನು ಬಿಡಲಿಲ್ಲ. ಮಳೆ, ನೂಲಿನ ಅಂಗಡಿ, ಬೀಮು ಕೆಚ್ಚುವ ಹೊಸ ಮಷೀನು, ಎಲ್ಲ ಮಾತಾಡುತ್ತಿದ್ದ. ಇಲಿಯ ಮಾತನ್ನು ಮತ್ತೆ ಎಂದೂ ಎತ್ತಲಿಲ್ಲ. ಒಮ್ಮೆಯಾದರೂ ಬೈದಿದ್ದರೆ ನಾನು ಅತ್ತು ಹಗುರಾಗುತ್ತಿದ್ದೆ. ಕೆಮ್ಮು ಮಾತ್ರ ವಾರದಿಂದ ವಾರಕ್ಕೆ ಉದ್ದವಾಗುತ್ತಿತ್ತು. ಜೀವಮಾನವೆಲ್ಲ ನುಂಗಿದ ಹತ್ತಿಯ ಧೂಳು.

ಈ ಬೇಸಿಗೆಯ ಒಂದು ಬೆಳಗ್ಗೆ ಅವ್ವ ಫೋನ್ ಮಾಡಿ, “ಕಾಕಾ ಹೋದ” ಎಂದಳು. ಎರಡು ಬಸ್ಸು ಬದಲಿಸಿ ಬನಹಟ್ಟಿ ಮುಟ್ಟುವಷ್ಟರಲ್ಲಿ ಐದು ಗಂಟೆ. ನಮ್ಮಲ್ಲಿಯ ಪದ್ಧತಿಯಂತೆ ಕಾಕಾನನ್ನು ಕಟ್ಟೆಯ ಮೇಲೆ ಕೂರಿಸಿದ್ದರು. ಅವನ ತೋಳಿಗೆ ತನ್ನ ತೋಳು ಹೆಣೆದು ಮಗಳು ಕೂತಿದ್ದಳು. ಕೂದಲು ಕಿವಿಯವರೆಗೆ ಬೆಳೆದಿತ್ತು. “ಅಕ್ಕಾ ಬರೂತನಾ ಎತ್ತಾಕ ಬಿಡೂದಿಲ್ಲ ಅಂತ ಮಧ್ಯಾಹ್ನದಿಂದ ಹಟಾ ಹಿಡದಾಳ,” ಎಂದು ಯಾರೋ ಬೇಸರದಿಂದ ಹೇಳಿದರು. ದಾರಿಯುದ್ದಕ್ಕೂ ಬಸ್ಸಿನ ಚಾಲಕ ನಿದ್ದೆ ಮಾಡಿಯಾನೆಂದು ಚಿಂತಿಸಿದವಳು ನಾನು. ಅವಳ ಪಕ್ಕ ಕೂತು ಅತ್ತೆನೇ ಹೊರತು, ಗುಳಿಗೆ ತಗೊಂಡೆಯಾ ಎಂದು ಒಂದು ಮಾತು ಕೇಳಲಿಲ್ಲ. ಬೆಳಗಿನಿಂದ ಅವಳು ಊಟವನ್ನೂ ಮಾಡಿರಲಿಲ್ಲ, ಗುಳಿಗೆಯನ್ನೂ ನುಂಗಿರಲಿಲ್ಲ.

ಊರ ಹೊರಗೆ ತೆಗ್ಗಿನಲ್ಲಿ ಕಾಕಾನನ್ನು ಇಳಿಸಿ ಕೂರಿಸಿದರು. ಮೊದಲ ಮಣ್ಣು ಮಗಳು ಹಾಕಬೇಕು. ಬಗ್ಗಿ ಹಿಡಿಮಣ್ಣು ತಗೊಂಡಳು. ಒಂದು ಕೂಗು ಕೇಳಿತು. ಬಿದ್ದಳು.

ನಾನು ತಲೆಗೆ ತೊಡೆ ಕೊಟ್ಟು, ಮಗ್ಗುಲಿಗೆ ಹೊರಳಿಸಿ, ಯಾರೋ ಕೈಗೆ ತುರುಕಲು ಬಂದ ಕೀಲಿಕೈ ಗೊಂಚಲನ್ನು ದೂರ ತಳ್ಳಿ, ಗಡಿಯಾರ ನೋಡಿದೆ. ಹನ್ನೆರಡು ವರ್ಷ ಮೂರ್ಛೆಯನ್ನೇ ನೋಡಿದವಳಿಗೆ ಬರುತ್ತಿದ್ದದ್ದು ಇಷ್ಟೇ. ನಾಲ್ಕು ನಿಮಿಷಕ್ಕೆ ನಿಂತಿತು. ಆಮೇಲೆ ಗಾಢ ನಿದ್ದೆ. ಬಲಗೈಯ ಮುಷ್ಟಿ ಮಾತ್ರ ಬಿಗಿಯಾಗಿಯೇ ಇತ್ತು, ಒಳಗೆ ಮಣ್ಣು.

“ಹೊತ್ತ ಮುಳಗಾಕತ್ತೈತಿ,” ಎಂದರು ಹಿರಿಯರೊಬ್ಬರು.

“ಆಕಿ ಎಚ್ಚರಾಗ್ಲಿ ತಡೀರಿ,” ಎಂದೆ.

“ಎಷ್ಟಂತ ತಡ್ಯೂದು ತಂಗಿ? ನಿನ್ನ ಸಲುವಾಗೇ ಇಷ್ಟೊತ್ತು ತಡದೀವಿ.”

ನಾನು ಬಾಯಿ ಮುಚ್ಚಿದೆ. ಸಲಿಕೆಗಳ ಸದ್ದು ಶುರುವಾಯಿತು.

ಅವಳು ಕಣ್ಣು ಬಿಟ್ಟಾಗ ಮಣ್ಣಿಗೆ ಬಂದವರು ಕೈಕಾಲು ತೊಳೆಯುತ್ತಿದ್ದರು. ಹೂವು ಹಾಕಿದ ದಿಬ್ಬವನ್ನು ಬಹಳ ಹೊತ್ತು ನೋಡಿದಳು.

“ಆತೇನು?”

“ಆತು.”

“ನಾ ಮಣ್ಣ ಹಾಕಲಿಲ್ಲ.”

“ಇಲ್ಲ.”

“ತಡೀರಿ ಅನ್ನಲಿಲ್ಲೇನಕ್ಕಾ ನೀ?”

“ಅಂದೆ.”

“ಎಷ್ಟ ಸಲ?”

“ಒಮ್ಮೆ,” ಎಂದೆ.